ನಾಳ ಎಲ್ಲಿಂದ ಹೊರಟಿದೆ, ಎಲ್ಲಿಗೆ ಹೋಗಿದೆ

ಮಕ್ಕಳ ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡುವುದು ನನ್ನ ಕೆಲಸ. ಹುಟ್ಟಿ ಒಂದೆರಡು ದಿನವಾದ ಮಗು ನೀಲಿಗಟ್ಟಿದೆ, ಉಸಿರಾಟಕ್ಕೆ ಅಂಥ ಕಷ್ಟವೇನಿಲ್ಲ, ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್ ಏರುತ್ತಿಲ್ಲ ಎಂದು ಕರೆ ಬಂದರೆ, ದೊಡ್ಡ ರಕ್ತನಾಳಗಳು ಅದಲುಬದಲಾಗಿರಬಹುದು ಎಂಬ ಅನುಮಾನದಲ್ಲೇ ಹೊರಡುತ್ತೇನೆ. ಇಂಥ ಮಕ್ಕಳಲ್ಲಿ ಮೈಗೆ ರಕ್ತ ಒಯ್ಯುವ ಅಯೋರ್ಟಾ ಬಲ ಕೆಳಕೋಣೆಯಿಂದ, ಶ್ವಾಸಕೋಶಕ್ಕೆ ಒಯ್ಯುವ ಪಲ್ಮನರಿ ಆರ್ಟರಿ ಎಡ ಕೆಳಕೋಣೆಯಿಂದ ಹುಟ್ಟಿರುತ್ತವೆ. ಮೈಯಿಂದ ಬಂದ ರಕ್ತ ಮತ್ತೆ ಮೈಗೇ, ಶ್ವಾಸಕೋಶದಿಂದ ಬಂದದ್ದು ಮತ್ತೆ ಶ್ವಾಸಕೋಶಕ್ಕೇ. ಎರಡೂ ಎಲ್ಲಾದರೂ ಬೆರೆತರೆ ಮಾತ್ರ ಮಗು ಉಳಿಯುತ್ತದೆ.

ಪ್ರೋಬನ್ನು ಮೊದಲು ಎದೆಮೂಳೆಯ ಕೆಳಗೆ, ಹೊಟ್ಟೆಯ ಮೇಲಿಡುತ್ತೇನೆ. ಜೆಲ್ ಬೆಚ್ಚಗಿರಬೇಕು. ತಣ್ಣಗಿದ್ದರೆ ಮಗು ಅತ್ತು ಹೊಟ್ಟೆ ಬಿಗಿ ಹಿಡಿಯುತ್ತದೆ, ಆಮೇಲೆ ಏನೂ ಸರಿಯಾಗಿ ಕಾಣುವುದಿಲ್ಲ. ಎರಡು ನಾಳಗಳು ಒಂದನ್ನೊಂದು ಅಡ್ಡ ದಾಟದೆ ಪಕ್ಕಪಕ್ಕದಲ್ಲೇ ಮೇಲಕ್ಕೆ ಹೋದರೆ ಅನುಮಾನ ಗಟ್ಟಿಯಾಗುತ್ತದೆ. ಆದರೂ ಯಾವುದು ಯಾವುದೆಂದು ಅಲ್ಲೇ ಹೇಳುವುದಿಲ್ಲ. ನಾಳದ ಜೊತೆಗೇ ಹೋಗುತ್ತೇನೆ. ಸ್ವಲ್ಪ ದೂರದಲ್ಲೇ ಎರಡಾಗಿ ಕವಲೊಡೆದರೆ ಅದು ಪಲ್ಮನರಿ. ಕಮಾನಿನಂತೆ ಬಾಗಿ ತಲೆಗೆ, ಕೈಗೆ ಕವಲು ಕೊಟ್ಟರೆ ಅಯೋರ್ಟಾ.

ನನ್ನ ಜಾಸ್ತಿ ಸಮಯ ಹೋಗುವುದು ಕೊರೊನರಿಗಳನ್ನು, ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳನ್ನು, ಹುಡುಕುವುದರಲ್ಲಿ. 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೇನೆ ಮಾಡಿ ತೋರಿಸಿದ ಆಪರೇಷನ್‌ನಲ್ಲಿ ನಾಳಗಳನ್ನು ಕತ್ತರಿಸಿ ಅದಲುಬದಲು ಮಾಡುತ್ತಾರೆ, ಜೊತೆಗೆ ಕೊರೊನರಿಗಳನ್ನೂ ಕಿತ್ತು ಹೊಸ ಜಾಗಕ್ಕೆ ಹೊಲಿಯಬೇಕು. ನವಜಾತ ಶಿಶುವಿನಲ್ಲಿ ಅವು ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಎರಡೂ ಒಂದೇ ಬಾಯಿಂದ ಹೊರಟಿವೆಯಾ? ಅಯೋರ್ಟಾದ ಗೋಡೆಯೊಳಗೇ ಹರಿದು ಬಂದಿವೆಯಾ? ಸರ್ಜನ್ ಕೇಳುವುದು ಇದನ್ನೇ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನ ವೇಗದ ಸ್ಕೇಲ್ ಇಳಿಸಿದರೆ ಹರಿವು ಚೆನ್ನಾಗಿ ಕಾಣುತ್ತದೆ.

ಅಷ್ಟರಲ್ಲಿ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಶುರುವಾಗಿರುತ್ತದೆ; ಎರಡು ದೊಡ್ಡ ನಾಳಗಳ ನಡುವೆ ಹುಟ್ಟುವಾಗ ಇರುವ ದಾರಿ ಮುಚ್ಚದಂತೆ ತಡೆಯುವ ಔಷಧಿ ಅದು. ಅದರಿಂದ ಮಗು ಉಸಿರು ನಿಲ್ಲಿಸಬಹುದು, ಹಾಗಾಗಿ ವೆಂಟಿಲೇಟರ್ ಪಕ್ಕದಲ್ಲೇ ಇರಬೇಕು. ಮೇಲಿನ ಕೋಣೆಗಳ ನಡುವಿನ ರಂಧ್ರ ಚಿಕ್ಕದಿದ್ದರೆ ಬಲೂನಿನಿಂದ ಎಳೆದು ದೊಡ್ಡದು ಮಾಡುತ್ತೇವೆ. ಅಮೆರಿಕದ ಮಕ್ಕಳ ಹೃದ್ರೋಗ ವೈದ್ಯ ರಾಶ್ಕಿಂಡ್ 1966ರಲ್ಲಿ ತೋರಿಸಿಕೊಟ್ಟ ದಾರಿ ಅದು. "ಹೃದಯದಲ್ಲಿ ರಂಧ್ರ ಇದ್ರೆ ಮುಚ್ಚಬೇಕಲ್ವಾ ಡಾಕ್ಟ್ರೇ, ನೀವು ದೊಡ್ಡದು ಮಾಡ್ತೀನಿ ಅಂತೀರಲ್ಲ?" ಎಂದು ತಂದೆತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಕಾಗದದ ಮೇಲೆ ಎರಡು ಸುತ್ತು ಗೀಚಿ, ನಡುವೆ ಒಂದು ದಾರಿ ಕೊರೆದು ತೋರಿಸಿದರೆ ಥಟ್ಟನೆ ಅರ್ಥವಾಗುತ್ತದೆ.

ನಾಳ ತಪ್ಪು ಜಾಗದಿಂದ ಹೊರಡುವ ಇನ್ನೊಂದು ಬಗೆಯ ಕಾಯಿಲೆ ಮಗು ಹುಟ್ಟಿದಾಗ ಸುಮ್ನೆ ಇರುತ್ತದೆ. ಎಡ ಕೊರೊನರಿ ಅಯೋರ್ಟಾದ ಬದಲು ಪಲ್ಮನರಿಯಿಂದ ಹೊರಟಿರುತ್ತದೆ. ಶ್ವಾಸಕೋಶದ ನಾಳದೊಳಗಿನ ಒತ್ತಡ ಇಳಿದ ಮೇಲೆ, ಎರಡು ಮೂರು ತಿಂಗಳಿಗೆ, ಮಗು ಹಾಲು ಕುಡಿಯುವಾಗ ಬೆವರುತ್ತದೆ, ಅಳುತ್ತದೆ. ಎಕೋದಲ್ಲಿ ಹೃದಯ ದೊಡ್ಡದಾಗಿ, ಸೋತಂತೆ ಕಾಣುತ್ತದೆ. ಸ್ನಾಯುವಿನ ರೋಗ ಎಂದು ಬರೆಯುವುದು ಸುಲಭ. ಎಡ ಕೊರೊನರಿಯ ಹರಿವು ಯಾವ ದಿಕ್ಕಿಗಿದೆ ಎಂದು ಬಣ್ಣದಲ್ಲಿ ನೋಡದೆ ನಾನು ಹಾಗೆ ಬರೆಯುವುದಿಲ್ಲ. ಹಿಮ್ಮುಖವಾಗಿ ಹರಿದು ಪಲ್ಮನರಿಗೆ ಸುರಿಯುತ್ತಿದ್ದರೆ, ಬಲ ಕೊರೊನರಿ ಊದಿಕೊಂಡಿದ್ದರೆ, ಅದು ಸರ್ಜನ್ ಸರಿಮಾಡಬಹುದಾದ ಕಾಯಿಲೆ. ಅನುಮಾನ ಉಳಿದರೆ ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ಮಾಡಿಸುತ್ತೇನೆ.