ನಾಲ್ಕು ಜನ ಬಳಸುವ ಕಂಪ್ಯೂಟರ್: ಎಲ್ಲರನ್ನೂ ಅಡ್ಮಿನ್ ಮಾಡದೆ ಪ್ರೋಗ್ರಾಂ ಓಡಿಸುವುದು ಹೇಗೆ?

ಮಂಗಳೂರು ಬಂದರಿನ ಸಗಟು ಅಂಗಡಿ, ಮಲ್ಪೆಯ ಮೀನಿನ ಆಫೀಸು, ಮಣಿಪಾಲದ ಜೆರಾಕ್ಸ್ ಅಂಗಡಿ, ಊರ ದೇವಸ್ಥಾನದ ಸೇವಾ ಕೌಂಟರ್. ಎಲ್ಲಿ ಹೋದರೂ ಒಂದೇ ಕಂಪ್ಯೂಟರಿಗೆ ಮೂರು ನಾಲ್ಕು ಜನ ಕೂರುತ್ತಾರೆ. ಬಿಲ್ಲಿನ ಪ್ರೋಗ್ರಾಂ ಧಣಿಗಳ ಲಾಗಿನ್‌ನಲ್ಲಿ ಸರಿಯಾಗಿ ಓಡುತ್ತದೆ, ಹುಡುಗರ ಲಾಗಿನ್‌ನಲ್ಲಿ ತೆರೆಯುವುದೇ ಇಲ್ಲ. ರಿಪೇರಿಗೆ ಬಂದವರು ಎಲ್ಲರನ್ನೂ ಅಡ್ಮಿನ್, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸಬಲ್ಲವರನ್ನಾಗಿ ಮಾಡಿ, ಪ್ರೋಗ್ರಾಂ ಓಪನ್ ಆದದ್ದು ತೋರಿಸಿ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಒಂದು ದಿನ ಯಾರದೋ ಪೆನ್‌ಡ್ರೈವ್‌ನಲ್ಲಿ ವೈರಸ್ ಬರುತ್ತದೆ. ಕೂತವರು ಅಡ್ಮಿನ್ ಆದರೆ ಅದಕ್ಕೂ ಅಡ್ಮಿನ್ ಅಧಿಕಾರ ಸಿಗುವ ದಾರಿ ಸುಲಭವಾಗುತ್ತದೆ. ಒಬ್ಬರ ಫೈಲು ಹೋಗುವಲ್ಲಿ ಎಲ್ಲರ ಲೆಕ್ಕವೂ ಹೋಗುತ್ತದೆ.

ಇದು ಖಂಡಿತ ಬೇಡ. ಇಂಥ ಹೆಚ್ಚಿನ ಪ್ರೋಗ್ರಾಂಗಳಿಗೆ ಬೇಕಾದದ್ದು ಅಡ್ಮಿನ್ ಅಧಿಕಾರ ಅಲ್ಲ, ಯಾವುದೋ ಒಂದು ಫೋಲ್ಡರಿನಲ್ಲಿ ಬರೆಯುವ ಅನುಮತಿ. ಆ ಫೋಲ್ಡರ್ ಯಾವುದೆಂದು ಹುಡುಕಿ ಅಷ್ಟನ್ನು ಮಾತ್ರ ಕೊಡಬೇಕು. ವಿಂಡೋಸ್ 10 ಮತ್ತು 11 ಎರಡಕ್ಕೂ ಕೆಳಗಿನ ಕ್ರಮ ಹೊಂದುತ್ತದೆ. 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ತಾಳುವ ಹಾಗಿದ್ದರೆ 11 ಹಾಕಿಸಿಕೊಳ್ಳಿ.

1. ಖಾತೆಗಳು

ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಒಂದು ಅಡ್ಮಿನ್ ಖಾತೆಯನ್ನು ಬೇರೆಯೇ ಮಾಡಿ. ಅದರ ಪಾಸ್‌ವರ್ಡ್ ಹಾಕಿ ಒಮ್ಮೆ ಒಳಗೆ ಹೋಗಿ ನೋಡಿ. ಆಮೇಲೆ ಉಳಿದವರನ್ನೆಲ್ಲ ಸ್ಟ್ಯಾಂಡರ್ಡ್ ಯೂಸರ್ (ಮಾಮೂಲಿ ಬಳಕೆದಾರರು) ಮಾಡಿ, ಧಣಿಗಳನ್ನೂ ಸೇರಿಸಿ.

2. ಇನ್‌ಸ್ಟಾಲ್

ಪ್ರೋಗ್ರಾಂ ಹಾಕುವಾಗ ಅಡ್ಮಿನ್ ಖಾತೆಯಲ್ಲೇ ಲಾಗಿನ್ ಆಗಿ. 'ಎಲ್ಲರಿಗೂ' ಅಥವಾ 'ನನಗೆ ಮಾತ್ರ' ಎಂದು ಕೇಳಿದರೆ ಎಲ್ಲರಿಗೂ ಎಂದೇ ಒತ್ತಿ. ಹುಡುಗರ ಲಾಗಿನ್‌ನಲ್ಲಿ ಕೂತು, ಅಡ್ಮಿನ್ ಪಾಸ್‌ವರ್ಡ್ ಕೇಳಿದಾಗ ಕೊಟ್ಟರೆ ಸಾಕಲ್ವಾ ಎಂದು ಕೇಳುತ್ತಾರೆ. ಕೆಲವಕ್ಕೆ ಸಾಕು. ಆದರೆ ಒಬ್ಬರಿಗೆ ಮಾತ್ರ ಇನ್‌ಸ್ಟಾಲ್ ಆಗುವ ಪ್ರೋಗ್ರಾಂ ಆದರೆ ಅದು ಪಾಸ್‌ವರ್ಡ್ ಯಾರದೋ ಅವರ ಖಾತೆಗೆ ಹೋಗಿ ಕೂರುತ್ತದೆ. ಹುಡುಗರ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಕೂಡ ಕಾಣುವುದಿಲ್ಲ.

ಡಿಟಿಪಿ ಮಾಡುವವರಿಗೆ ಒಂದು ಮಾತು. ಯಕ್ಷಗಾನದ ಕರಪತ್ರ ಒಬ್ಬರ ಲಾಗಿನ್‌ನಲ್ಲಿ ಚಂದ ಕಂಡು, ಇನ್ನೊಬ್ಬರ ಲಾಗಿನ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಫೈಲು ಹಾಳಾಗಿದೆ ಎಂದು ತಿಳಿಯಬೇಡಿ. ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ಫಾಂಟ್ ಮೇಲೆ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಅದು ಆ ಒಬ್ಬರ ಖಾತೆಗೆ ಮಾತ್ರ ಹೋಗುತ್ತದೆ. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಕೊಡಿ.

3. ಕಾಣೆಯಾದ ಲೆಕ್ಕ ಎಲ್ಲಿದೆ ಎಂದು ನೋಡುವುದು

ತುಂಬ ಜನ ಎಡವುವುದು ಇಲ್ಲಿ. ಅವಸರ ಮಾಡಿದರೆ ಡೇಟಾ ಹೋಗುತ್ತದೆ, ನಿಧಾನವಾಗಿ ಓದಿ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಹೆಚ್ಚು ಕಡಿಮೆ ಎಲ್ಲರೂ ಅಡ್ಮಿನ್ ಆಗಿಯೇ ಕೂರುತ್ತಿದ್ದರು. ಆಗ ಬರೆದ ಪ್ರೋಗ್ರಾಂಗಳು ತಮ್ಮ ಲೆಕ್ಕವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೇ ಬರೆಯುತ್ತವೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದ ಮೇಲೆ ಮಾಮೂಲಿಯಾಗಿ ತೆರೆದ ಪ್ರೋಗ್ರಾಂಗಳು ಅಲ್ಲಿ ಬರೆಯುವಂತಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಂಗಳು ಒಮ್ಮೆಲೇ ನಿಂತುಹೋಗಬಾರದು ಎಂದು ವಿಂಡೋಸ್ ಒಂದು ದಾರಿ ಮಾಡಿತು. ಅವು ಬರೆಯಲು ಹೋದದ್ದನ್ನು ತಡೆಯದೆ, ಆ ಬಳಕೆದಾರರ ಸ್ವಂತ ಫೋಲ್ಡರಿಗೆ ಕಳಿಸುತ್ತದೆ. ಅದರ ಹೆಸರು ವರ್ಚುವಲ್‌ಸ್ಟೋರ್. ಬಳಕೆದಾರರ ಹೆಸರಿನ ಫೋಲ್ಡರ್, ಅದರೊಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅಲ್ಲಿ ಇದು ಉಂಟು. ಆ್ಯಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನಲ್ಲಿ ಅಡಗಿದ ಫೈಲುಗಳನ್ನು ತೋರಿಸಲು ಹೇಳಿ.

ಇದರ ಪರಿಣಾಮ ಏನು? ಸೇವಾ ಕೌಂಟರಿನಲ್ಲಿ ಬೆಳಿಗ್ಗೆ ಒಬ್ಬರು ಹೂವಿನಪೂಜೆಯ ರಶೀದಿ ಬರೆಯುತ್ತಾರೆ. ಸಂಜೆ ಬಂದವರ ಲಾಗಿನ್‌ನಲ್ಲಿ ಆ ರಶೀದಿ ಇಲ್ಲ. ಅಡ್ಮಿನ್ ಆಗಿ ತೆರೆದರೆ ಇಬ್ಬರದ್ದೂ ಇಲ್ಲ. ಯಾರೋ ಅಳಿಸಿದ್ದಾರೆ ಎಂದು ಒಬ್ಬರ ಮೇಲೊಬ್ಬರು ಸಂಶಯಪಡುತ್ತಾರೆ. ಯಾರೂ ಅಳಿಸಿಲ್ಲ ಮಾರಾಯ್ರೆ! ಒಬ್ಬೊಬ್ಬರ ಲೆಕ್ಕ ಒಂದೊಂದು ಕಡೆ ಕೂತಿದೆ, ಅಷ್ಟೆ.

ಆದ್ದರಿಂದ ಅನುಮತಿಗೆ ಕೈ ಹಾಕುವ ಮೊದಲು ಪ್ರೋಗ್ರಾಂ ಮುಚ್ಚಿ, ಪ್ರತಿಯೊಬ್ಬರ ವರ್ಚುವಲ್‌ಸ್ಟೋರ್ ತೆರೆದು ನೋಡಿ. ಅಲ್ಲಿ ನಿಮ್ಮ ಪ್ರೋಗ್ರಾಂನ ಫೋಲ್ಡರ್ ಇದ್ದರೆ ಅದನ್ನು ಹೊರಗಿನ ಡ್ರೈವಿಗೆ ಕಾಪಿ ಮಾಡಿ, ಯಾರದ್ದೆಂದು ಹೆಸರು ಬರೆದಿಡಿ. ಮೂಲ ಫೋಲ್ಡರನ್ನೂ ಕಾಪಿ ಮಾಡಿ. ಯಾವುದರಲ್ಲಿ ಎಂಟ್ರಿ ಜಾಸ್ತಿ ಉಂಟೋ ಅದನ್ನು ಮೂಲ ಜಾಗದಲ್ಲಿ ಇಟ್ಟು, ಉಳಿದವರ ಎಂಟ್ರಿಗಳನ್ನು ರಶೀದಿ ನೋಡಿ ಕೈಯಲ್ಲೇ ಸೇರಿಸಿ. ಮೂರು ಡೇಟಾ ಫೈಲನ್ನು ಒಂದರ ಮೇಲೊಂದು ಪೇಸ್ಟ್ ಮಾಡಿದರೆ ಸೇರುವುದಿಲ್ಲ. ಕೊನೆಯದ್ದು ಮಾತ್ರ ಉಳಿಯುತ್ತದೆ.

ಆಮೇಲೆ ವರ್ಚುವಲ್‌ಸ್ಟೋರ್‌ನಲ್ಲಿರುವ ಆ ಪ್ರೋಗ್ರಾಂನ ಫೋಲ್ಡರಿಗೆ ಬೇರೆ ಹೆಸರು ಕೊಡಿ. ಇದನ್ನು ಮರೆಯಲೇಬಾರದು. ಅಲ್ಲಿ ಪ್ರತಿ ಇದ್ದರೆ ವಿಂಡೋಸ್ ಮೊದಲು ಅದನ್ನೇ ಓದುತ್ತದೆ. ಮೂಲ ಫೋಲ್ಡರಿಗೆ ನೀವು ಎಷ್ಟೇ ಅನುಮತಿ ಕೊಟ್ಟರೂ ಹುಡುಗರಿಗೆ ಹಳೆಯ ಲೆಕ್ಕವೇ ಕಾಣುತ್ತಿರುತ್ತದೆ.

4. ಎಲ್ಲಿ ತಡೆ ಆಗುತ್ತಿದೆ ಎಂದು ಹಿಡಿಯುವುದು

64 ಬಿಟ್ ಎಂಬ ಹೊಸ ಬಗೆಯ ಪ್ರೋಗ್ರಾಂಗಳಿಗೆ ವರ್ಚುವಲ್‌ಸ್ಟೋರ್ ಸೌಲಭ್ಯ ಇಲ್ಲ, ಅವು ನೇರ ಎರರ್ ಕೊಡುತ್ತವೆ. ಯಾವ ಫೈಲಿಗೆ ಎಂದು ಹೇಳುವುದಿಲ್ಲ. ಪ್ರೋಗ್ರಾಂ ಯಾವ ಯಾವ ಫೈಲು ಮುಟ್ಟುತ್ತದೆ ಎಂದು ದಾಖಲಿಸಲು ಪ್ರೊಸೆಸ್ ಮಾನಿಟರ್ ಎಂಬ ಉಚಿತ ಸಾಧನ ಉಂಟು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಗುಂಪಿನಲ್ಲಿ ಇದೂ ಒಂದು. ಮೈಕ್ರೋಸಾಫ್ಟ್ ಸೈಟಿನಿಂದ ಮಾತ್ರ ಇಳಿಸಿ.

ಹುಡುಗರ ಲಾಗಿನ್‌ನಲ್ಲಿ ಕೂತು, ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಇದನ್ನು ತೆರೆಯಿರಿ. ಫಿಲ್ಟರ್‌ನಲ್ಲಿ ಎರಡು ಸಾಲು ಹಾಕಿ: ಪ್ರೊಸೆಸ್ ನೇಮ್ ನಿಮ್ಮ ಪ್ರೋಗ್ರಾಂನದ್ದು, ರಿಸಲ್ಟ್ 'ಆಕ್ಸೆಸ್ ಡಿನೈಡ್'. ಈಗ ಬಿಲ್ಲಿನ ಪ್ರೋಗ್ರಾಂ ಮಾಮೂಲಿನಂತೆ ತೆರೆದು, ಎರರ್ ಬಂದ ಕೂಡಲೇ ಕಂಟ್ರೋಲ್ ಜೊತೆ ಇ ಒತ್ತಿ ದಾಖಲೆ ನಿಲ್ಲಿಸಿ. ಕಾಣುವ ಎಲ್ಲ ಸಾಲೂ ಸಮಸ್ಯೆ ಅಲ್ಲ. ಎಷ್ಟೋ ಪ್ರೋಗ್ರಾಂಗಳು ಒಂದು ಕಡೆ ಆಗದಿದ್ದರೆ ಸುಮ್ನೆ ಮುಂದೆ ಹೋಗುತ್ತವೆ. ಎರರ್ ಬರುವುದಕ್ಕೆ ಸ್ವಲ್ಪ ಮೊದಲಿನ ಸಾಲುಗಳನ್ನು ನೋಡಿ. ಅಲ್ಲಿ ಪ್ರೋಗ್ರಾಂನದ್ದೇ ಡೇಟಾ ಫೋಲ್ಡರಿನ ಹೆಸರು ಇದ್ದರೆ ನಿಮಗೆ ಬೇಕಾದ ಜಾಗ ಹೆಚ್ಚಾಗಿ ಅದೇ.

5. ಅನುಮತಿ ಕೊಡುವುದು

ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಎಡಿಟ್. ಪಟ್ಟಿಯಲ್ಲಿ 'ಯೂಸರ್ಸ್' ಆರಿಸಿ, ಅಲೋ ಸಾಲಿನಲ್ಲಿ 'ಮಾಡಿಫೈ'ಗೆ ಟಿಕ್ ಹಾಕಿ. 'ಫುಲ್ ಕಂಟ್ರೋಲ್' ಬೇಡ. ಅದು ಕೊಟ್ಟರೆ ಅನುಮತಿ ಬದಲಿಸುವ ಅಧಿಕಾರವೂ ಹೋಗುತ್ತದೆ.

ಇಡೀ ಪ್ರೋಗ್ರಾಂ ಫೋಲ್ಡರಿಗೆ ಟಿಕ್ ಹಾಕುವವರು ಜಾಸ್ತಿ. ಹಾಗೆ ಮಾಡಬೇಡಿ. ಹುಡುಗರ ಖಾತೆಗೆ ಬಂದ ವೈರಸ್ ಆಗ ಪ್ರೋಗ್ರಾಂ ಫೈಲನ್ನೇ ಬದಲಿಸಬಹುದು. ಮುಂದೆ ಅಡ್ಮಿನ್ ಅದನ್ನು ತೆರೆದರೆ ಅಡ್ಮಿನ್ ಅಧಿಕಾರ ವೈರಸ್ಸಿಗೆ ಸಿಕ್ಕಿತು. ಡೇಟಾ ಬೇರೆ ಉಪಫೋಲ್ಡರಿನಲ್ಲಿದ್ದರೆ ಅದಕ್ಕೆ ಮಾತ್ರ ಕೊಡಿ. ಪ್ರೋಗ್ರಾಂ ಫೈಲಿನ ಪಕ್ಕದಲ್ಲೇ ಡೇಟಾ ಫೈಲಿದ್ದರೆ ಆ ಒಂದು ಫೈಲಿಗೆ ಕೊಟ್ಟು ನೋಡಿ. ಅದೂ ಆಗದಿದ್ದರೆ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಡೇಟಾ ಇಡುವ ಜಾಗ ಬದಲಿಸಲು ಬರುತ್ತದಾ ನೋಡಿ. ಬಂದರೆ ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಒಳ್ಳೆಯದು. ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅಲ್ಲಿಡಿ, ಬ್ಯಾಕಪ್ ತೆಗೆಯುವುದೂ ಸುಲಭ.

ಪ್ರೊಸೆಸ್ ಮಾನಿಟರ್ ರಿಜಿಸ್ಟ್ರಿಯ (ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ ಇರುವ ಜಾಗ) ಹೆಸರು ತೋರಿಸಿದರೂ ನಿಯಮ ಇದೇ: ರಿಜಿಸ್ಟ್ರಿ ಎಡಿಟರಿನಲ್ಲಿ ಆ ಪ್ರೋಗ್ರಾಂನ ಕೀ, ಅಂದರೆ ಅಲ್ಲಿ ಫೋಲ್ಡರಿನ ಹಾಗೆ ಕಾಣುವುದಕ್ಕೆ ಮಾತ್ರ ಅನುಮತಿ, ಅದರ ಮೇಲಿನದ್ದಕ್ಕೆ ಅಲ್ಲ.

6. ಮಾಡಬಾರದ ಅಡ್ಡದಾರಿಗಳು

ಅಡ್ಮಿನ್ ಪಾಸ್‌ವರ್ಡನ್ನು ಶಾರ್ಟ್‌ಕಟ್‌ನಲ್ಲಿ ಉಳಿಸಿಕೊಡುವ 'ರನ್‌ಆ್ಯಸ್' ಉಪಾಯವನ್ನು ಕೆಲವರು ಕಲಿಸುತ್ತಾರೆ. ಒಮ್ಮೆ ಉಳಿಸಿದ ಪಾಸ್‌ವರ್ಡಿನಿಂದ ಆ ಖಾತೆಯವರು ಬೇರೆ ಯಾವ ಪ್ರೋಗ್ರಾಮನ್ನೂ ಅಡ್ಮಿನ್ ಹೆಸರಿನಲ್ಲಿ ಓಡಿಸಬಹುದು. 'ಅನುಮತಿ ಉಂಟಾ' ಎಂದು ಕೇಳುವ ಕಿಟಕಿಯನ್ನು ಆಫ್ ಮಾಡುವುದೂ ತಪ್ಪು. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಸರಿ ಮಾಡುತ್ತೇವೆ ಎನ್ನುವ ಕ್ಲೀನರ್ ತಂತ್ರಾಂಶಗಳನ್ನು ಇಂಥ ಕಂಪ್ಯೂಟರಿಗೆ ಹಾಕಲೇಬೇಡಿ. ಅನುಮತಿಯ ಸಮಸ್ಯೆಗೆ ಅವುಗಳಲ್ಲಿ ಮದ್ದಿಲ್ಲ.

ಇನ್ನೊಂದು ತೊಂದರೆ ಕನ್ನಡ ಟೈಪ್ ಮಾಡುವವರಿಗೆ ಬರುತ್ತದೆ. ಬಿಲ್ಲಿನ ಪ್ರೋಗ್ರಾಮನ್ನು ಅಡ್ಮಿನ್ ಆಗಿ ತೆರೆದು, ಕೀಬೋರ್ಡ್ ತಂತ್ರಾಂಶವನ್ನು ಮಾಮೂಲಿಯಾಗಿ ತೆರೆದರೆ ಕನ್ನಡ ಮೂಡದೇ ಇರಬಹುದು. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನದ್ದರ ಕೀಲಿಗಳಿಗೆ ಕೈ ಹಾಕದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಮಾಮೂಲಿಯಾಗಿಯೇ ತೆರೆದರೆ ಈ ಕಾಟ ಇಲ್ಲ.

ಪ್ರಿಂಟರ್ ಡ್ರೈವರ್, ಡಿಜಿಟಲ್ ಸಹಿಯ ಟೋಕನ್ ಡ್ರೈವರ್ ಇಂಥವನ್ನು ಅಡ್ಮಿನ್ ಖಾತೆಯಲ್ಲಿ ಒಮ್ಮೆ ಹಾಕಿಬಿಡಿ.

7. ಪರೀಕ್ಷೆ

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಒಬ್ಬರ ಲಾಗಿನ್‌ನಲ್ಲಿ ಒಂದು ಬಿಲ್ ಬರೆದು, ಇನ್ನೊಬ್ಬರ ಲಾಗಿನ್‌ನಲ್ಲಿ ಅದು ಕಾಣುತ್ತದಾ ನೋಡಿ. ಬ್ಯಾಕಪ್, ಪ್ರಿಂಟ್ ಕೂಡ ಅಲ್ಲಿಂದಲೇ ಮಾಡಿ ನೋಡಿ. ಯಾವ ಫೋಲ್ಡರಿಗೆ ಏನು ಅನುಮತಿ ಕೊಟ್ಟಿರಿ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಪ್ರೋಗ್ರಾಂ ತೆಗೆದು ಹೊಸ ಆವೃತ್ತಿ ಹಾಕಿದರೆ ಫೋಲ್ಡರ್ ಹೊಸದಾಗಬಹುದು, ಆಗ ಅನುಮತಿ ಮತ್ತೆ ಕೊಡಬೇಕು. ಹೊಸ ತಂತ್ರಾಂಶ ಮಾರಲು ಬಂದವರಿಗೆ ಡೆಮೊವನ್ನು ನಿಮ್ಮ ಸ್ಟ್ಯಾಂಡರ್ಡ್ ಖಾತೆಯಲ್ಲೇ ತೋರಿಸಲು ಹೇಳಿ. ಅಡ್ಮಿನ್ ಆಗದೆ ಓಡುವುದಿಲ್ಲ ಎಂದರೆ ಆ ತಂತ್ರಾಂಶ ತೆಗೆದುಕೊಳ್ಳಬೇಡಿ.