ಬೆಳಗಿನ ನೂಕುನುಗ್ಗಲಿಗೆ ತಕ್ಕ ಪೈಪ್: ಲೆಕ್ಕ ಹಾಕುವುದು ಹೇಗೆ?

ಹಳ್ಳಿಯ ನೀರಿನ ಲೈನಿಗೆ ಪೈಪ್ ಆರಿಸುವಾಗ ದಿನದ ಸರಾಸರಿಯನ್ನೇ ನಂಬಿದರೆ ಕೊನೆಯ ಮನೆಯ ನಲ್ಲಿ ಒಣಗುವುದು ಖಂಡಿತ. ಜನ ನೀರು ಹಿಡಿಯುವುದು ಬೆಳಿಗ್ಗೆ ಒಂದೆರಡು ಗಂಟೆ, ಸಂಜೆ ಸ್ವಲ್ಪ ಹೊತ್ತು. ಪೈಪ್ ಸಾಲಬೇಕಾದ್ದು ಆ ಹೊತ್ತಿಗೆ.

ಮೊದಲು ಸರಾಸರಿ ತೆಗೆಯಿರಿ. ಸಾವಿರ ಜನ, ತಲೆಗೆ ದಿನಕ್ಕೆ 60 ಲೀಟರ್ ಅಂದುಕೊಳ್ಳೋಣ. ಒಟ್ಟು 60,000 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 0.7 ಲೀಟರ್. ಜನಸಂಖ್ಯೆ ಇವತ್ತಿನದಲ್ಲ, ಲೈನ್ ಬಾಳುವಷ್ಟು ವರ್ಷ ಮುಂದಿನದು ಇರಲಿ.

ಬೆಳಗಿನ ನೂಕುನುಗ್ಗಲಿಗಾಗಿ ಇದನ್ನು 3ರಿಂದ ಗುಣಿಸಿ. ಊರು ಚಿಕ್ಕದಾದಷ್ಟೂ ಈ ಪಟ್ಟು ಜಾಸ್ತಿ, ಎಲ್ಲರೂ ಒಟ್ಟಿಗೇ ನಲ್ಲಿ ತಿರುಗಿಸುತ್ತಾರಲ್ವಾ? ಸೆಕೆಂಡಿಗೆ 2.1 ಲೀಟರ್ ಆಯಿತು. ಆದರೆ ಇದು ದಿನವಿಡೀ ನೀರಿರುವ ಊರಿನ ಮಾತು. ಎರಡೇ ಗಂಟೆ ನೀರು ಬಿಡುವುದಾದರೆ ಅಷ್ಟೂ ನೀರು ಆಗಲೇ ಹರಿಯಬೇಕು: ಸೆಕೆಂಡಿಗೆ 8.3 ಲೀಟರ್! ದೊಡ್ಡ ಪೈಪ್ ಕೊಳ್ಳುವ ಮುಂಚೆ, ನೀರು ಬಿಡುವ ಹೊತ್ತನ್ನು ಹೆಚ್ಚಿಸಲು ಆಗುತ್ತದಾ ನೋಡಿ.

ಈಗ ಪೈಪ್. ಕೊನೆಯ ನಲ್ಲಿ ಟ್ಯಾಂಕಿನಿಂದ 1 ಕಿಲೋಮೀಟರ್ ದೂರ, 15 ಮೀಟರ್ ತಗ್ಗಿನಲ್ಲಿದೆ ಎನ್ನಿ. ಒಳವ್ಯಾಸ 50 ಮಿಲಿಮೀಟರ್ ಇರುವ ಪ್ಲಾಸ್ಟಿಕ್ ಪೈಪಿನಲ್ಲಿ 2.1 ಲೀಟರ್ ಹರಿಸಲು ಉಜ್ಜಾಟಕ್ಕೇ ಸುಮಾರು 27 ಮೀಟರ್ ಎತ್ತರದ ಒತ್ತಡ ಬೇಕು. ಇರುವುದೇ 15. ಅದೇ 75 ಮಿಲಿಮೀಟರ್ ಆದರೆ 4 ಮೀಟರ್ ಸಾಕು, 11 ಮೀಟರ್ ಉಳಿಯುತ್ತದೆ. ವ್ಯಾಸ ಒಂದೂವರೆ ಪಟ್ಟು, ಉಜ್ಜಾಟದ ನಷ್ಟ ಏಳರಲ್ಲಿ ಒಂದು ಪಾಲು. ಲೈನಿಡೀ ಪೂರ್ತಿ ನೀರು ಹರಿಯುತ್ತದೆಂದು ಹಿಡಿದ ಲೆಕ್ಕ ಇದು. ದಾರಿಯಲ್ಲಿ ಮನೆಗಳು ನೀರು ಎಳೆದಂತೆ ನಷ್ಟ ಇಳಿಯುತ್ತದೆ, ಹಾಗಾಗಿ ಮುಂದೆ ಸಣ್ಣ ಪೈಪ್ ಹಾಕಬಹುದು. ದೂರದ ಮನೆಯ ಜೊತೆ ದಿಬ್ಬದ ಮೇಲಿನ ಮನೆಯನ್ನೂ ಪರೀಕ್ಷಿಸಿ. ಮೊದಲು ನೀರು ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ.

ಬಾವಿಯಿಂದ ಟ್ಯಾಂಕಿಗೆ ಬರುವ ಲೈನ್ ಇಷ್ಟು ದಪ್ಪ ಬೇಡ. ದಿನವಿಡೀ ತುಂಬುವುದಾದರೆ ಸರಾಸರಿಯೇ ಸಾಕು, ಬೆಳಗಿನ ಕೊರತೆಯನ್ನು ಟ್ಯಾಂಕ್ ತುಂಬಿಕೊಡುತ್ತದೆ. ಗಂಟೆಗಂಟೆಗೆ ಒಳಬಂದದ್ದು, ಹೊರಹೋದದ್ದು ಬರೆದು ಕೂಡಿಸುತ್ತಾ ಹೋಗಿ. ಅತಿ ಹೆಚ್ಚು ತುಂಬಿದ ಮಟ್ಟಕ್ಕೂ ಅತಿ ಕಡಿಮೆ ಮಟ್ಟಕ್ಕೂ ಇರುವ ಅಂತರವೇ ಟ್ಯಾಂಕಿನ ಕನಿಷ್ಠ ಅಳತೆ.

ಕೊನೆಗೆ ರಾತ್ರಿಯ ಲೆಕ್ಕ. ನಲ್ಲಿಗಳೆಲ್ಲ ಮುಚ್ಚಿದಾಗ ತಗ್ಗಿನ ಪೈಪಿನ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಒತ್ತಡ ಅಳೆಯುವ ಮಾನ). ಪೈಪ್ ಎಷ್ಟು ಒತ್ತಡ ತಡೆಯಬೇಕು ಎನ್ನುವುದನ್ನು ಬೆಳಗಿನ ಹೊತ್ತು ನೋಡಿ ತೀರ್ಮಾನಿಸಬೇಡಿ, ಈ ರಾತ್ರಿ ಒತ್ತಡ ನೋಡಿ ಆರಿಸಿ.