ಕೋಟೆಯಲ್ಲಿ ನೆಟ್ಟಿದ್ದಕ್ಕಿಂತ ಕತ್ತರಿಸಿದ್ದೇ ಜಾಸ್ತಿ

ಹೊಸನಗರ ತಾಲೂಕಿನ ನಗರ ನಮ್ಮೂರು. ಹಳೆಯ ಹೆಸರು ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಗೆದ್ದುಕೊಂಡ ಮೇಲೆ ಹೈದರ್ ನಗರ ಆಯ್ತು, ಈಗ ಬರೀ ನಗರ. ಗುಡ್ಡದ ಮೇಲಿನ ಕೋಟೆಯೇ ನಮಗೆ ಪಾರ್ಕು. ಬೆಳಿಗ್ಗೆ ವಾಕಿಂಗು, ಸಂಜೆ ಮಕ್ಕಳ ಆಟ, ಎಲ್ಲಾ ಅಲ್ಲೇ.

ಅಲ್ಲಿ ಗಿಡ ನೆಡೋಣ ಅಂತ ಗೆಳೆಯರೆಲ್ಲ ಹೊರಟಾಗ ನಾನು ಸಸಿಗಳ ದೊಡ್ಡ ಪಟ್ಟಿ ಬರೆದಿದ್ದೆ. ಸಂರಕ್ಷಿತ ಸ್ಮಾರಕ, ಒಳಗೆ ಗುಂಡಿ ತೋಡುವ ಹಾಗಿಲ್ಲ ಅಂದರು ಕೋಟೆ ನೋಡಿಕೊಳ್ಳುವವರು. ಆಗ ಬೇಜಾರಾಯ್ತು. ಈಗ ಅದೇ ಸರಿ ಅನಿಸುತ್ತದೆ. ಭಾರೀ ಮಳೆಯ ಹುಲಿಕಲ್ ಮಗ್ಗುಲಲ್ಲಿರುವ ಊರಿಗೆ ಹಸಿರನ್ನು ಹೊತ್ತು ತರಬೇಕಾ? ಅದು ಗೋಡೆ ತಿನ್ನದಂತೆ ಕಾಯುವುದೇ ಕೆಲಸ.

ಗೋಡೆಯ ಗಿಡ ತೆಗೆಯಲು ಅನುಮತಿ ಪಡೆದು ಮೊದಲ ದಿನ ಹೋದಾಗ ಒಂದು ತಪ್ಪು ಮಾಡಿದೆ. ಕಲ್ಲಿನ ಸಂದಿಯಲ್ಲಿ ಒಂದು ಅತ್ತಿ ಗಿಡ ಇತ್ತು, ಹೊರಗೆ ಪೆನ್ಸಿಲ್ಲಿನಷ್ಟು ದಪ್ಪ. ಹಿಡಿದು ಎಳೆದೆ. ಒಳಗಿನ ಬೇರು ಮಣಿಕಟ್ಟಿನಷ್ಟು ದಪ್ಪ ಇತ್ತು, ಜೊತೆಗೆ ಒಂದು ಕಲ್ಲು, ಬುಟ್ಟಿ ತುಂಬ ಮಣ್ಣು ಸುರಿಯಿತು. ಕೈಕಾಲು ತಣ್ಣಗಾಯ್ತು. ಬೇರೇ ಆ ಕಲ್ಲನ್ನು ಸಡಿಲ ಮಾಡಿತ್ತು, ನಾನು ಎಳೆಯುವವರೆಗೆ ಅದೇ ಬೇರು ಹಿಡಿದುಕೊಂಡೂ ಇತ್ತು.

ಅಂದಿನಿಂದ ಏನನ್ನೂ ಕೀಳುವುದಿಲ್ಲ. ಬುಡಕ್ಕೆ ಸರಿಯಾಗಿ ಗರಗಸ ಹಾಕುತ್ತೇವೆ. ಮತ್ತೆ ಚಿಗುರಿದರೆ ಚಿವುಟುತ್ತೇವೆ, ತಿಂಗಳು ತಿಂಗಳೂ. ಎಲೆ ಇಲ್ಲದ ಬೇರು ನಿಧಾನಕ್ಕೆ ಸೊರಗುತ್ತದೆ. ಸತ್ತ ಮೇಲೂ ಅದನ್ನು ಎಳೆಯಬಾರದು. ಸಂದು ತುಂಬುವುದು ಸುಣ್ಣದ ಗಾರೆ ಬಲ್ಲವರ ಕೆಲಸ. ದಯವಿಟ್ಟು ಯಾರೂ ಸಿಮೆಂಟ್ ಮೆತ್ತಬೇಡಿ, ಒಳಗಿನ ನೀರು ಹೊರಗೆ ಬರಲಾಗದೆ ಗೋಡೆಯೇ ಉಬ್ಬುತ್ತದೆ.

ಹುಲ್ಲನ್ನು ಕತ್ತಿಯಲ್ಲಿ ಸವರುತ್ತೇವೆ, ಕೆತ್ತುವುದಿಲ್ಲ. ಬರೀ ಮಣ್ಣು ಬಿಟ್ಟರೆ ಒಂದೇ ಮಳೆಗೆ ಕೊಚ್ಚಿಹೋಗುತ್ತದೆ. ಲಂಟಾನವನ್ನು ಹಣ್ಣಾಗುವ ಮೊದಲೇ ಕಡಿಯಬೇಕು, ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡಿಬಿಡುತ್ತವೆ. ಮಳೆಗಾಲಕ್ಕೆ ಮುಂಚೆ ನೀರಿನ ದಾರಿಯಲ್ಲಿ ಕೂತ ತರಗೆಲೆ ತೆಗೆಯುವುದು ಎಲ್ಲಕ್ಕಿಂತ ಮುಖ್ಯ. ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಸುಣ್ಣ, ಹೊಗೆಸೊಪ್ಪು ಬೇಕೇ ಬೇಕು.

ನೆಟ್ಟಿದ್ದು ಕೋಟೆಯಿಂದ ದೂರ, ಊರಿನ ಜಾಗದಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ. ನೇರಳೆ, ರಂಜ, ಹಲಸು. ಅರಳಿ, ಗೋಳಿ ಕೊಡುತ್ತೇವೆ ಅಂತ ಪ್ರೀತಿಯಿಂದ ಬಂದವರಿಗೂ ಬೇಡ ಅಂದೆವು, ಅವೂ ಅತ್ತಿಯ ಹಾಗೆ ಗೋಡೆಯ ಸಂದಿಯಲ್ಲಿ ಬೇರು ಬಿಡುವ ಜಾತಿ.

ಮೊನ್ನೆ ಹೋದಾಗ ಆ ಅತ್ತಿಯ ಜಾಗದಲ್ಲಿ ಮತ್ತೆ ಎರಡು ಎಲೆ ಇತ್ತು. ಚಿವುಟಿ ಬಂದೆ.